ಗಣಕದೊಳಗೊಂದು ಗಣಕ: ಓದುಗರ ಪ್ರಶ್ನೆಗಳಿಗೆ ಉತ್ತರ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ, ಹೊಸ ಗಣಕ ಕೊಂಡವರ ಮತ್ತು ಹಳೆಯದಕ್ಕೆ ಲಿನಕ್ಸ್ ಹಾಕಬೇಕೆಂದಿರುವವರ ಪತ್ರಗಳು ಈ ಅಂಕಣಕ್ಕೆ ಹೆಚ್ಚಾಗಿ ಬರುತ್ತಿವೆ. ಕೇಳುವ ರೀತಿ ಬೇರೆ ಬೇರೆಯಾದರೂ ಬಹಳಷ್ಟು ಪ್ರಶ್ನೆಗಳು ಒಂದೇ ಕಡೆ ಬಂದು ನಿಲ್ಲುತ್ತವೆ: ಇರುವ ವ್ಯವಸ್ಥೆಯನ್ನು ಕೆಡಿಸದೆ ಅದರೊಳಗೇ ಇನ್ನೊಂದು ಆಪರೇಟಿಂಗ್ ಸಿಸ್ಟಂ ಓಡಿಸಬಹುದೇ? ಹೀಗಾಗಿ ಈ ಬಾರಿಯ ಅಂಕಣವನ್ನು ಅದೊಂದಕ್ಕೇ ಮೀಸಲಿಟ್ಟಿದ್ದೇನೆ. ಗಣಕವನ್ನು ಆನ್ ಮಾಡಿದಾಗ ಮೊದಲು ಎದ್ದು ಬರುವುದನ್ನು ‘ಹೊರಗಿನ ವ್ಯವಸ್ಥೆ’ ಎಂದೂ, ವರ್ಚುಯಲ್‌ಬಾಕ್ಸ್‌ನಂತಹ ತಂತ್ರಾಂಶದ ಕಿಟಕಿಯೊಳಗೆ ಓಡುವುದನ್ನು ‘ಒಳಗಿನ ವ್ಯವಸ್ಥೆ’ ಎಂದೂ ಕರೆದಿದ್ದೇನೆ.

ಪ್ರಶ್ನೆ: ನಮ್ಮದು ಹಳೆಯ ಮುದ್ರಣಾಲಯ. ಆಮಂತ್ರಣ ಪತ್ರಿಕೆ, ಜಾತ್ರೆಯ ಕರಪತ್ರ, ಸಹಕಾರಿ ಸಂಘಗಳ ವಾರ್ಷಿಕ ವರದಿ ಎಲ್ಲವೂ ವಿಂಡೋಸ್ ಎಕ್ಸ್‌ಪಿ ಗಣಕದಲ್ಲಿ, ಪೇಜ್‌ಮೇಕರ್ ಎಂಬ ಪುಟವಿನ್ಯಾಸ ತಂತ್ರಾಂಶದ ಕಡತಗಳಾಗಿ ಉಳಿದಿವೆ. ನಾವು ಬಳಸುವ ಕನ್ನಡ ಲಿಪಿ ತಂತ್ರಾಂಶಕ್ಕೆ ಡಾಂಗಲ್ (ಗಣಕಕ್ಕೆ ಚುಚ್ಚುವ, ಬೀಗದ ಕೈಯಂತಹ ಪುಟ್ಟ ಸಾಧನ) ಬೇಕು. ಹೊಸದಾಗಿ ಕೊಂಡ ವಿಂಡೋಸ್ 11 ಗಣಕವು ಆ ಡಾಂಗಲನ್ನು ಗುರುತಿಸುತ್ತಿಲ್ಲ. ರಿಪೇರಿಯ ಹುಡುಗ ‘ಎಕ್ಸ್‌ಪಿಯನ್ನು ಅದರೊಳಗೇ ಹಾಕಿಕೊಳ್ಳಿ ಸರ್’ ಎನ್ನುತ್ತಾನೆ. ಇದು ನಂಬುವ ಮಾತೇ?
— ಮುದ್ರಣಾಲಯದ ಮಾಲೀಕರು, ಗದಗ

ಉತ್ತರ: ನಂಬುವ ಮಾತೇ. ಮುದ್ರಣಕಾಶಿ ಎನಿಸಿಕೊಂಡ ನಿಮ್ಮ ಊರಿನಲ್ಲಷ್ಟೇ ಅಲ್ಲ, ರಾಜ್ಯದ ಇತರ ಡಿಟಿಪಿ ಕೇಂದ್ರಗಳಲ್ಲಿಯೂ ಇದೇ ತೊಡಕು ಇರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು, ಡಾಂಗಲ್ ಏಕೆ ಗುರುತಾಗುವುದಿಲ್ಲ ಎಂಬುದನ್ನು ನೋಡೋಣ. ಡಾಂಗಲ್‌ನೊಂದಿಗೆ ಮಾತಾಡಲು ಡ್ರೈವರ್ ಎಂಬ ಚಿಕ್ಕ ತಂತ್ರಾಂಶ ಬೇಕು, ಮತ್ತು ಅದು ಆಪರೇಟಿಂಗ್ ಸಿಸ್ಟಂನ ತಿರುಳಿನಲ್ಲೇ ಕೂತು ಕೆಲಸ ಮಾಡುತ್ತದೆ. ಎಕ್ಸ್‌ಪಿ ಕಾಲದ ಡ್ರೈವರುಗಳು ಬಹುತೇಕ 32 ಬಿಟ್‌ನವು. ವಿಂಡೋಸ್ 11 ಇರುವುದು 64 ಬಿಟ್‌ನಲ್ಲಿ ಮಾತ್ರ. 64 ಬಿಟ್ ವಿಂಡೋಸ್ 32 ಬಿಟ್‌ನ ಸಾಮಾನ್ಯ ತಂತ್ರಾಂಶಗಳನ್ನು ಓಡಿಸುತ್ತದೆಯಾದರೂ 32 ಬಿಟ್‌ನ ಡ್ರೈವರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆದ್ದರಿಂದಲೇ 2001ರಲ್ಲಿ ಬಂದ ಪೇಜ್‌ಮೇಕರ್ 7 ಹೊಸ ಗಣಕದಲ್ಲಿ ಹೇಗೋ ತೆರೆದುಕೊಂಡರೂ ಡಾಂಗಲ್ ಮಾತ್ರ ಸತ್ತಂತೆ ಬಿದ್ದಿರುತ್ತದೆ. ತಯಾರಕರು ಅದಕ್ಕೆ 64 ಬಿಟ್ ಡ್ರೈವರ್ ಒದಗಿಸಿದ್ದಾರೆಯೇ ಎಂದು ಮೊದಲು ವಿಚಾರಿಸಿ. ಒದಗಿಸಿದ್ದರೆ ಮುಂದಿನದನ್ನು ಓದುವ ಅಗತ್ಯವೇ ನಿಮಗಿಲ್ಲ.

ಒದಗಿಸಿಲ್ಲವಾದರೆ ವರ್ಚುಯಲ್ ಯಂತ್ರವೇ ದಾರಿ. ವರ್ಚುಯಲ್‌ಬಾಕ್ಸ್ ಒಂದು ಇಡೀ ಗಣಕದ ವೇಷ ಹಾಕುತ್ತದೆ. ಅದರೊಳಗಿನ ಎಕ್ಸ್‌ಪಿಗೆ ತನ್ನದೇ ಪ್ರೊಸೆಸರ್, ತನ್ನದೇ ರ‍್ಯಾಮ್, ತನ್ನದೇ ಹಾರ್ಡ್ ಡಿಸ್ಕ್ ಇರುವಂತೆ ಕಾಣುತ್ತದೆ. ಅದು ಹಾರ್ಡ್ ಡಿಸ್ಕ್ ಎಂದು ತಿಳಿದಿರುವುದು ನಿಜದಲ್ಲಿ ನಿಮ್ಮ ಡಿ ಡ್ರೈವ್‌ನಲ್ಲಿರುವ ಒಂದು ದೊಡ್ಡ ಕಡತ, ಅಷ್ಟೇ. ಈ ಮಾತನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ. ಆ ಕಡತವನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿದಿರೆಂದರೆ ನಿಮ್ಮ ಇಡೀ ಹಳೆಯ ಗಣಕವನ್ನೇ ಜೇಬಿನಲ್ಲಿಟ್ಟುಕೊಂಡಂತೆ.

ಎಕ್ಸ್‌ಪಿಗೆ 1 ಜಿಬಿ ರ‍್ಯಾಮ್, 20 ಜಿಬಿ ಡಿಸ್ಕ್ ಧಾರಾಳವಾಯಿತು. ಡಿಸ್ಕನ್ನು ಸಾಟಾ ಎಂಬ ಹೊಸ ಬಗೆಯ ಜೋಡಣೆಯ ಬದಲು ಐಡಿಇ ಎಂಬ ಹಳೆಯ ಬಗೆಯ ಕಂಟ್ರೋಲರ್‌ಗೆ ಜೋಡಿಸಬೇಕು, ಏಕೆಂದರೆ ಹೊಸ ಬಗೆಯ ಸಾಟಾಕ್ಕೆ ಬೇಕಾದ ಡ್ರೈವರ್ ಎಕ್ಸ್‌ಪಿಯ ಸಿಡಿಯಲ್ಲಿ ಇಲ್ಲ. ಹೊಸ ಯಂತ್ರ ರಚಿಸುವಾಗ ‘ವಿಂಡೋಸ್ ಎಕ್ಸ್‌ಪಿ’ ಎಂದು ಆರಿಸಿದರೆ ವರ್ಚುಯಲ್‌ಬಾಕ್ಸ್ ತಾನಾಗಿಯೇ ಹಾಗೆ ಮಾಡುತ್ತದೆ. ಯುಎಸ್‌ಬಿ ವಿಭಾಗದಲ್ಲಿ 3.0 ಆರಿಸಬೇಡಿ, 2.0 ಅಥವಾ 1.1 ಆರಿಸಿ, 3.0 ಬರುವ ಮುಂಚೆಯೇ ಎಕ್ಸ್‌ಪಿ ಹುಟ್ಟಿದ್ದರಿಂದ ಅದರ ಪರಿಚಯ ಅದಕ್ಕಿಲ್ಲ. ಎಕ್ಸ್‌ಪಿ ಎದ್ದು ನಿಂತ ಮೇಲೆ ಕಿಟಕಿಯ ಮೆನುವಿನಲ್ಲಿ ‘ಡಿವೈಸಸ್’, ಅದರೊಳಗೆ ‘ಯುಎಸ್‌ಬಿ’ ತೆರೆದರೆ ಗಣಕಕ್ಕೆ ಚುಚ್ಚಿರುವ ಮೌಸ್, ಕೀಲಿಮಣೆ, ಪ್ರಿಂಟರ್‌ಗಳ ಸಾಲಿನಲ್ಲಿ ಡಾಂಗಲ್ ಹೆಸರೂ ಇರುತ್ತದೆ. ಅದರ ಮೇಲೆ ಒತ್ತಿ ಗುರುತು ಹಾಕಿದ ಕ್ಷಣ ಹೊರಗಿನ ವಿಂಡೋಸ್‌ನಿಂದ, ಯಾರೋ ಡಾಂಗಲನ್ನು ಕಿತ್ತರೇನೋ ಎಂಬಂತೆ, ‘ಡುಮ್’ ಎಂಬ ಇಳಿದನಿ ಕೇಳಿಸುತ್ತದೆ. ಮರುಗಳಿಗೆಗೆ ಒಳಗಿನ ಎಕ್ಸ್‌ಪಿಯ ಮೂಲೆಯಲ್ಲಿ ‘ಹೊಸ ಯಂತ್ರಾಂಶ ಸಿಕ್ಕಿದೆ’ ಎಂಬ ಹಳದಿ ಗುಳ್ಳೆ ಏಳುತ್ತದೆ. ಹಳೆಯ ಡ್ರೈವರ್ ಸಿಡಿ ಆಗ ಬೇಕಾಗುತ್ತದೆ, ಹುಡುಕಿಟ್ಟುಕೊಳ್ಳಿ. ನಿಮ್ಮದು ಯುಎಸ್‌ಬಿ ಡಾಂಗಲ್ ಆಗಿರದೆ ಹಳೆಯ ಪ್ರಿಂಟರ್ ಪೋರ್ಟಿಗೆ ಚುಚ್ಚುವ ಅಗಲ ಮೂತಿಯದಾಗಿದ್ದರೆ, ಇಂದಿನ ಗಣಕಗಳಲ್ಲಿ ಆ ಪೋರ್ಟೇ ಇಲ್ಲದಿರುವುದರಿಂದ, ಈ ಪ್ರಯತ್ನ ಕೈಗೂಡುವುದು ಕಷ್ಟ. ಆಗ ಹಳೆಯ ಗಣಕವನ್ನೇ ಜೋಪಾನ ಮಾಡಿ, ಅದರ ಹಾರ್ಡ್ ಡಿಸ್ಕ್‌ಗೊಂದು ನಕಲು ತೆಗೆದಿಡಿ.

ಹಳೆಯ ಗಣಕದ ಡಿಸ್ಕನ್ನು ಇದ್ದಂತೆಯೇ ಎತ್ತಿ ವರ್ಚುಯಲ್ ಡಿಸ್ಕ್ ಮಾಡುವ ಉಪಕರಣಗಳೂ ಇವೆ. ಆದರೆ ನನ್ನ ಸಲಹೆ ಹೊಸದಾಗಿ ಸ್ಥಾಪಿಸುವುದರ ಪರವಾಗಿದೆ. ಎಕ್ಸ್‌ಪಿ ತಾನು ಹುಟ್ಟಿದ ಮದರ್‌ಬೋರ್ಡ್‌ಗೆ ಹೊಂದಿಕೊಂಡಿರುತ್ತದೆ. ಅದನ್ನು ಎತ್ತಿ ಬೇರೆ ಯಂತ್ರದಲ್ಲಿ ಕೂರಿಸಿದಾಗ ಡಿಸ್ಕ್ ಕಂಟ್ರೋಲರ್ ಬದಲಾದದ್ದಕ್ಕೇ ನೀಲಿ ಪರದೆ ತೋರಿಸಿ ನಿಲ್ಲುವುದು ಸಾಮಾನ್ಯ, ಎದ್ದರೂ ಮತ್ತೊಮ್ಮೆ ಆಕ್ಟಿವೇಶನ್ ಕೇಳುತ್ತದೆ. ಇದರ ಜೊತೆಗೆ ಪರವಾನಗಿಯ ಮಾತೂ ಇದೆ. ಗಣಕದೊಂದಿಗೇ ಬಂದ ಒಇಎಂ ಎಕ್ಸ್‌ಪಿಯ ಪರವಾನಗಿ ಆ ಗಣಕಕ್ಕೆ ಮಾತ್ರ ಸೀಮಿತ. ಪ್ರತ್ಯೇಕವಾಗಿ ಪೆಟ್ಟಿಗೆಯಲ್ಲಿ ಕೊಂಡದ್ದಾದರೆ ಮಾತ್ರ ಅದನ್ನು ಬೇರೆ ಯಂತ್ರಕ್ಕೆ ಒಯ್ಯಬಹುದು. ವರ್ಚುಯಲ್ ಯಂತ್ರವೂ ಪರವಾನಗಿಯ ದೃಷ್ಟಿಯಲ್ಲಿ ಬೇರೆಯೇ ಯಂತ್ರ.

ಎಕ್ಸ್‌ಪಿಗೆ ಭದ್ರತಾ ಬೆಂಬಲ ನಿಂತದ್ದು 2014ರ ಏಪ್ರಿಲ್ 8ರಂದು. ಆದ್ದರಿಂದ ವರ್ಚುಯಲ್ ಯಂತ್ರದ ‘ನೆಟ್‌ವರ್ಕ್’ ವಿಭಾಗದಲ್ಲಿ ಅಡಾಪ್ಟರನ್ನೇ ತೆಗೆದುಹಾಕಿ. ಅದಕ್ಕೆ ಇಂಟರ್‌ನೆಟ್ ಬೇಕಿಲ್ಲ, ಪೇಜ್‌ಮೇಕರ್‌ಗೂ ಬೇಕಿಲ್ಲ. ಕಡತಗಳ ವಿನಿಮಯಕ್ಕೆ ‘ಹಂಚಿಕೆಯ ಫೋಲ್ಡರ್’ ಒಂದನ್ನು ಮಾಡಿಕೊಳ್ಳಿ. ಮುದ್ರಣಕ್ಕೆ ಹೊಸ ಪ್ರಿಂಟರನ್ನು ಎಕ್ಸ್‌ಪಿಗೆ ಜೋಡಿಸುವ ಗೋಜಿಗೆ ಹೋಗದೆ, ಪೇಜ್‌ಮೇಕರ್‌ನಿಂದ ಪಿಡಿಎಫ್ ತೆಗೆದು ಆ ಫೋಲ್ಡರ್‌ಗೆ ಹಾಕಿ, ಹೊರಗಿನ ವಿಂಡೋಸ್ 11ರಿಂದ ಮುದ್ರಿಸಿ. ಅಕ್ಷರಗಳು ಪಿಡಿಎಫ್‌ನೊಳಗೆ ಅಡಕವಾಗಿವೆಯೇ ಎಂಬುದನ್ನು ಮೊದಲ ಪುಟದಲ್ಲೇ ಪರೀಕ್ಷಿಸಿಕೊಳ್ಳಿ. ಆಗಿರದಿದ್ದರೆ ಹೊರಗೆ ತೆರೆದಾಗ ಕನ್ನಡದ ಜಾಗದಲ್ಲಿ ಪೌಂಡ್ ಚಿಹ್ನೆಗಳೂ ತಲೆಯ ಮೇಲೆ ಗೀಟು ಹೊತ್ತ ರೋಮನ್ ಅಕ್ಷರಗಳೂ ಕಾಣಿಸುತ್ತವೆ. ನಿಮ್ಮಂತಹವರಿಗೆ ಆ ನೋಟ ಹೊಸದೇನಲ್ಲ.

ಒಂದು ಮಾತು ಮಾತ್ರ ನೇರವಾಗಿ ಹೇಳುತ್ತೇನೆ. ಈ ಎಕ್ಸ್‌ಪಿಯನ್ನು ಹಳೆಯ ಕಡತಗಳ ಮರುಮುದ್ರಣಕ್ಕೆ ಇಟ್ಟುಕೊಳ್ಳಿ, ಹೊಸ ಕೆಲಸಕ್ಕೆ ಬೇಡ. ಹೊಸದಾಗಿ ಬರುವ ಆಮಂತ್ರಣವನ್ನು ಯೂನಿಕೋಡ್ ಅಕ್ಷರಗಳಲ್ಲಿ ಹೊಸ ತಂತ್ರಾಂಶದಲ್ಲೇ ಜೋಡಿಸಿ. ಹಾಗೆ ಮಾಡಿದರೆ ಎರಡು ಮೂರು ವರ್ಷಗಳಲ್ಲಿ ಆ ಕಿಟಕಿ ತೆರೆಯುವ ಪ್ರಸಂಗ ತಾನಾಗಿಯೇ ಕಡಿಮೆಯಾಗುತ್ತದೆ. ಇಲ್ಲವಾದರೆ ಡಾಂಗಲ್ ಕೆಟ್ಟ ದಿನ ನಿಮ್ಮ ಕೆಲಸವೂ ನಿಂತಿತು.

ಪ್ರಶ್ನೆ: ನಾನು ಎಂಜಿನಿಯರಿಂಗ್ ಮೂರನೆಯ ಸೆಮಿಸ್ಟರ್ ವಿದ್ಯಾರ್ಥಿನಿ. ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ರ‍್ಯಾಮ್, ವಿಂಡೋಸ್ 11 ಇದೆ. ಪ್ರಯೋಗಾಲಯದ ಕೆಲಸಕ್ಕೆ ಉಬುಂಟು ಬೇಕು. ಸಹಪಾಠಿಗಳು ಡ್ಯುಯಲ್ ಬೂಟ್ ಮಾಡು ಎನ್ನುತ್ತಾರೆ, ಅಣ್ಣ ವರ್ಚುಯಲ್‌ಬಾಕ್ಸ್ ಸಾಕು ಎನ್ನುತ್ತಾನೆ. ಯಾರ ಮಾತು ಕೇಳಲಿ?
— ವಿದ್ಯಾರ್ಥಿನಿ, ಹಾಸನ

ಉತ್ತರ: ಸದ್ಯಕ್ಕೆ ನಿಮ್ಮ ಅಣ್ಣನ ಮಾತು ಕೇಳಿ. ಡ್ಯುಯಲ್ ಬೂಟ್ ಎಂದರೆ ಡಿಸ್ಕನ್ನು ಪಾಲು ಮಾಡಿ ಎರಡೂ ವ್ಯವಸ್ಥೆಗಳನ್ನು ಅಕ್ಕಪಕ್ಕದಲ್ಲಿ ಕೂರಿಸುವುದು. ಉಬುಂಟುವಿಗೆ ಆಗ ಇಡೀ ಯಂತ್ರದ ಶಕ್ತಿ ಸಿಗುತ್ತದೆ, ನಿಜ. ಆದರೆ ಪಾಲು ಮಾಡುವಾಗ ಒಂದು ತಪ್ಪಾದರೆ ಇರುವ ಕಡತಗಳಿಗೇ ಕುತ್ತು, ಮತ್ತು ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದಾಗಲೆಲ್ಲ ಗಣಕವನ್ನು ಮರಳಿ ಆರಂಭಿಸಬೇಕು. ವರ್ಚುಯಲ್ ಯಂತ್ರದಲ್ಲಿ ನೀವು ಏನೇ ಕೆಡಿಸಿದರೂ ಕೆಡುವುದು ಒಂದು ಕಡತ. ಕಲಿಯುವ ಕಾಲದಲ್ಲಿ ಕೆಡಿಸುವ ಸ್ವಾತಂತ್ರ್ಯ ಇರಬೇಕು.

ರ‍್ಯಾಮ್ ಹಂಚಿಕೆಯೇ ಇಲ್ಲಿ ಮುಖ್ಯ. ಒಳಗಿನ ವ್ಯವಸ್ಥೆಗೆ ಕೊಟ್ಟ ರ‍್ಯಾಮ್ ಅದು ಓಡುತ್ತಿರುವಷ್ಟು ಹೊತ್ತು ಹೊರಗಿನದರ ಪಾಲಿಗೆ ಬಹುಮಟ್ಟಿಗೆ ಇಲ್ಲವಾದಂತೆಯೇ. ನಿಮ್ಮ 8 ಜಿಬಿಯಲ್ಲಿ ಉಬುಂಟುವಿಗೆ 4 ಜಿಬಿ ಕೊಡಿ; ಉಬುಂಟು ತಯಾರಕರೇ 24.04 ಡೆಸ್ಕ್‌ಟಾಪ್ ಆವೃತ್ತಿಗೆ ಸೂಚಿಸಿದ್ದು 4 ಜಿಬಿ ರ‍್ಯಾಮ್ ಮತ್ತು 25 ಜಿಬಿ ಡಿಸ್ಕ್. ಆಗ ಹೊರಗೆ ಬ್ರೌಸರ್‌ನ ಹತ್ತಾರು ಟ್ಯಾಬುಗಳನ್ನು ತೆರೆದಿಟ್ಟುಕೊಳ್ಳುವ ಅಭ್ಯಾಸ ಬಿಡಬೇಕಾಗುತ್ತದೆ. ತೀರ ಮಂದಗತಿಯೆನಿಸಿದರೆ ಉಬುಂಟುವಿನ ಬದಲು ಹಗುರವಾದ ಲುಬುಂಟು ಹಾಕಿ, 2 ಜಿಬಿಯಲ್ಲಿ ಓಡಿಸಿ. ರ‍್ಯಾಮ್ ನಿಗದಿಪಡಿಸುವ ಪಟ್ಟಿಯಲ್ಲಿ ಹಸಿರು ಮತ್ತು ಕೆಂಪು ಭಾಗಗಳಿರುತ್ತವೆ. ಗುಂಡಿಯನ್ನು ಕೆಂಪಿಗೆ ಎಳೆದವರು ಕೆಲವೇ ನಿಮಿಷಗಳಲ್ಲಿ ಎರಡೂ ವ್ಯವಸ್ಥೆಗಳನ್ನು ಒಟ್ಟಿಗೇ ಹಿಡಿದು ನಿಲ್ಲಿಸಿರುತ್ತಾರೆ.

ನಿಮಗೆ ಬೇಕಿರುವುದು ಸಿ ಪ್ರೋಗ್ರಾಂ ಕಂಪೈಲ್ ಮಾಡುವುದು, ಶೆಲ್ ಆದೇಶಗಳನ್ನು ಕಲಿಯುವುದು ಇಷ್ಟೇ ಆಗಿದ್ದರೆ ವರ್ಚುಯಲ್‌ಬಾಕ್ಸ್ ಕೂಡ ಬೇಡ. ವಿಂಡೋಸ್‌ನಲ್ಲೇ ಇರುವ ಡಬ್ಲ್ಯುಎಸ್‌ಎಲ್ ಎಂಬ ಸೌಲಭ್ಯ ಒಂದೇ ಆದೇಶದಲ್ಲಿ ಉಬುಂಟುವನ್ನು ತಂದು ಕೊಡುತ್ತದೆ. ಅದರ ಎರಡನೆಯ ಆವೃತ್ತಿಯೂ ಒಳಗೊಳಗೆ ಒಂದು ಪುಟ್ಟ ವರ್ಚುಯಲ್ ಯಂತ್ರವೇ, ಆದರೆ ಅದಕ್ಕೆ ನೀವು ಏನನ್ನೂ ಹೊಂದಿಸಬೇಕಾಗಿಲ್ಲ. ಇಡೀ ಉಬುಂಟುವಿನ ಪರದೆ, ಅದರ ಸ್ಥಾಪನೆ, ಡಿಸ್ಕ್ ವಿಭಜನೆ ಎಲ್ಲವನ್ನೂ ಕೈಯಾರೆ ಮಾಡಿ ಕಲಿಯಬೇಕೆಂದರೆ ಮಾತ್ರ ವರ್ಚುಯಲ್‌ಬಾಕ್ಸ್‌ಗೆ ಬನ್ನಿ.

ಪ್ರಶ್ನೆ: ವರ್ಚುಯಲ್‌ಬಾಕ್ಸ್‌ನಲ್ಲಿ 64 ಬಿಟ್ ಲಿನಕ್ಸ್ ಆಯ್ಕೆಯೇ ಕಾಣುತ್ತಿರಲಿಲ್ಲ. ಯಾರೋ ಹೇಳಿದಂತೆ ಬಯೋಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ತೆರೆಯುವ, ಗಣಕದ ಮೂಲ ಹೊಂದಿಕೆಗಳ ಪರದೆ) ಏನೋ ಬದಲಾಯಿಸಿದ ಮೇಲೆ ಕಂಡಿತು. ಈಗ ಲಿನಕ್ಸ್ ಓಡುತ್ತದೆ, ಆದರೆ ತುಂಬ ನಿಧಾನ. ಕಿಟಕಿಯ ಕೆಳಗಿನ ಬಲ ಮೂಲೆಯಲ್ಲಿ ಹಸಿರು ಆಮೆಯ ಚಿತ್ರವೊಂದು ಕಾಣುತ್ತದೆ. ಏನಿದು ತಮಾಷೆ?
— ಖಾಸಗಿ ಕಚೇರಿಯ ಉದ್ಯೋಗಿ, ಮಂಗಳೂರು

ಉತ್ತರ: ಆಮೆಯ ಚಿತ್ರ ಹಾಕಿದವರಿಗೆ ಹಾಸ್ಯಪ್ರಜ್ಞೆ ಇದ್ದಿರಬೇಕು, ಆದರೆ ಅದು ಹೇಳುವುದು ನಿಜವನ್ನೇ. ನೀವು ಬಯೋಸ್‌ನಲ್ಲಿ ಬದಲಾಯಿಸಿದ್ದು ಏನೆಂಬುದರಿಂದ ತೊಡಗೋಣ.

ಒಂದು ಗಣಕದೊಳಗೆ ಇನ್ನೊಂದನ್ನು ಓಡಿಸುವ ವಿಚಾರ ಹಳೆಯದು. ಐಬಿಎಂ ಸಂಸ್ಥೆ 1960ರ ದಶಕದಲ್ಲೇ ತನ್ನ ದೊಡ್ಡ ಗಣಕಗಳಲ್ಲಿ ಇದನ್ನು ಸಾಧಿಸಿ, 1972ರಲ್ಲಿ ವಿಎಂ/370 ಎಂಬ ವ್ಯವಸ್ಥೆಯಾಗಿ ಪ್ರಕಟಿಸಿತು. ಆದರೆ ನಮ್ಮ ಮೇಜಿನ ಮೇಲಿನ ಗಣಕಗಳಲ್ಲಿರುವ ಎಕ್ಸ್86 ಬಗೆಯ ಪ್ರೊಸೆಸರ್ ಇದಕ್ಕೆ ಒಗ್ಗುವಂತೆ ರಚಿತವಾಗಿರಲಿಲ್ಲ. ಆಪರೇಟಿಂಗ್ ಸಿಸ್ಟಂ ಯಂತ್ರದ ಯಜಮಾನಿಕೆ ನಡೆಸಲು ಬಳಸುವ ಕೆಲವು ಸೂಚನೆಗಳು, ಯಜಮಾನನಲ್ಲದವನ ಬಾಯಿಂದ ಬಂದಾಗ ತಕರಾರು ಎತ್ತದೆ ಸುಮ್ಮನೆ ಬೇರೆ ಫಲಿತಾಂಶ ಕೊಟ್ಟುಬಿಡುತ್ತಿದ್ದವು. ತಕರಾರು ಬಂದರೆ ತಾನೇ ಒಳಗಿನ ಯಂತ್ರವನ್ನು ನಡೆಸುವ ಮೇಲ್ವಿಚಾರಕ ತಂತ್ರಾಂಶ ನಡುವೆ ಬಂದು ಸರಿಪಡಿಸಲು ಸಾಧ್ಯ? 1999ರಲ್ಲಿ ವಿಎಂವೇರ್ ಸಂಸ್ಥೆ ಅಂತಹ ಸೂಚನೆಗಳನ್ನು ಓಡುವ ಮುಂಚೆಯೇ ಹುಡುಕಿ ತಿದ್ದುವ ಜಾಣ್ಮೆಯಿಂದ ಈ ಅಡ್ಡಿಯನ್ನು ದಾಟಿತು. ಮುಂದೆ 2005ರಲ್ಲಿ ಇಂಟೆಲ್, 2006ರಲ್ಲಿ ಎಎಂಡಿ ಪ್ರೊಸೆಸರ್‌ನಲ್ಲೇ ಇದಕ್ಕೆ ಅನುಕೂಲ ಕಲ್ಪಿಸಿದವು. ಬಯೋಸ್‌ನಲ್ಲಿ ಇಂಟೆಲ್ ಗಣಕವಾದರೆ ‘ವರ್ಚುಯಲೈಸೇಶನ್ ಟೆಕ್ನಾಲಜಿ’, ಎಎಂಡಿಯಾದರೆ ‘ಎಸ್‌ವಿಎಂ ಮೋಡ್’ ಎಂದು ಕಾಣುವುದು ಅದೇ. ಕೆಲವು ಗಣಕಗಳು ಅದನ್ನು ಆಫ್ ಮಾಡಿಕೊಂಡೇ ಅಂಗಡಿಯಿಂದ ಬರುತ್ತವೆ. 2019ರ ಡಿಸೆಂಬರ್‌ನಲ್ಲಿ ಬಂದ ವರ್ಚುಯಲ್‌ಬಾಕ್ಸ್ 6.1ರಿಂದ ಈಚೆಗೆ ಆ ಸೌಲಭ್ಯ ಇಲ್ಲದೆ ಏನೂ ಓಡುವುದೇ ಇಲ್ಲ. ಟಾಸ್ಕ್ ಮ್ಯಾನೇಜರ್‌ನ ‘ಪರ್ಫಾರ್ಮೆನ್ಸ್’ ಪುಟದಲ್ಲಿ ಸಿಪಿಯು ಮೇಲೆ ಒತ್ತಿದರೆ ಅದು ಆನ್ ಆಗಿದೆಯೇ ಎಂಬುದು ಬಯೋಸ್‌ಗೆ ಹೋಗದೆಯೇ ತಿಳಿಯುತ್ತದೆ.

ಇನ್ನು ಆಮೆ. ಪ್ರೊಸೆಸರ್‌ನ ಈ ಸೌಲಭ್ಯವನ್ನು ವಿಂಡೋಸ್ ತಾನೂ ಬಳಸುತ್ತದೆ. ಹೈಪರ್-ವಿ ಎಂಬ ಅದರದೇ ಮೇಲ್ವಿಚಾರಕ ತಂತ್ರಾಂಶವಿದೆ. ಡಬ್ಲ್ಯುಎಸ್‌ಎಲ್, ವಿಂಡೋಸ್ ಸ್ಯಾಂಡ್‌ಬಾಕ್ಸ್ ಮೊದಲಾದವು ಅದರ ಮೇಲೆ ನಿಂತಿವೆ. ನೀವು ಅವುಗಳಲ್ಲಿ ಯಾವುದನ್ನೂ ಮುಟ್ಟದಿದ್ದರೂ, ವಿಂಡೋಸ್ 11ರ ಭದ್ರತಾ ವಿಭಾಗದಲ್ಲಿರುವ ‘ಮೆಮೊರಿ ಇಂಟೆಗ್ರಿಟಿ’ ಆನ್ ಆಗಿದ್ದರೆ ಸಾಕು, ಹೈಪರ್-ವಿ ಎದ್ದು ಕೂತಿರುತ್ತದೆ. ಆಗ ವರ್ಚುಯಲ್‌ಬಾಕ್ಸ್‌ಗೆ ಪ್ರೊಸೆಸರ್‌ನೊಂದಿಗೆ ನೇರ ವ್ಯವಹಾರ ಇಲ್ಲ. ಎಲ್ಲವನ್ನೂ ಹೈಪರ್-ವಿಯ ಮೂಲಕ ಕೇಳಿ ಪಡೆಯಬೇಕು. ಆಮೆಯ ಅರ್ಥ ಇಷ್ಟೇ. ಡಬ್ಲ್ಯುಎಸ್‌ಎಲ್ ಮೊದಲಾದವು ನಿಮಗೆ ಬೇಡವಾದರೆ ‘ವಿಂಡೋಸ್ ಫೀಚರ್ಸ್’ ಪಟ್ಟಿಯಲ್ಲಿ ಅವುಗಳ ಗುರುತು ತೆಗೆದು ಮರಳಿ ಆರಂಭಿಸಿ. ಮೆಮೊರಿ ಇಂಟೆಗ್ರಿಟಿಯ ವಿಷಯದಲ್ಲಿ ಮಾತ್ರ ನಾನು ಹಿಂಜರಿಯುತ್ತೇನೆ. ಅದು ದುರುದ್ದೇಶದ ಡ್ರೈವರುಗಳನ್ನು ತಡೆಯುವ ಕಾವಲು. ಬ್ಯಾಂಕ್ ವ್ಯವಹಾರ ಮಾಡುವ ಗಣಕದಲ್ಲಿ ವೇಗಕ್ಕಾಗಿ ಅದನ್ನು ಬಿಟ್ಟುಕೊಡುವುದು ನನಗೆ ಸರಿ ಕಾಣುವುದಿಲ್ಲ. ನಿಮ್ಮದು ಕಚೇರಿಯ ಗಣಕವಾಗಿದ್ದರಂತೂ ನಿರ್ವಾಹಕರನ್ನು ಕೇಳದೆ ಮುಟ್ಟಬೇಡಿ. ಒಳಗಿನ ಯಂತ್ರಕ್ಕೆ ಒಂದರ ಬದಲು ಎರಡು ಪ್ರೊಸೆಸರ್ ಕೋರ್ ಕೊಟ್ಟು, ಅದರ ಡಿಸ್ಕ್ ಕಡತವನ್ನು ಎಸ್‌ಎಸ್‌ಡಿಯಲ್ಲಿ ಇಟ್ಟು ನೋಡಿ. ಆಮೆ ಇದ್ದರೂ ಬಹಳಷ್ಟು ಮಂದಿಗೆ ಅಷ್ಟರಲ್ಲೇ ಕೆಲಸ ಸಾಗುತ್ತದೆ.

ಪ್ರಶ್ನೆ: ಮಗ ನನ್ನ ಗಣಕಕ್ಕೆ ವರ್ಚುಯಲ್‌ಬಾಕ್ಸ್ ಮೂಲಕ ಉಬುಂಟು ಹಾಕಿಕೊಟ್ಟಿದ್ದಾನೆ. ವಿಂಡೋಸ್‌ನಲ್ಲಿ ನುಡಿ ತಂತ್ರಾಂಶ ಚಾಲೂ ಇದ್ದರೂ ಉಬುಂಟು ಕಿಟಕಿಯಲ್ಲಿ ಬೆರಳಚ್ಚು ಮಾಡಿದರೆ ಇಂಗ್ಲಿಷ್ ಅಕ್ಷರಗಳೇ ಮೂಡುತ್ತವೆ. ನುಡಿ ಕೆಟ್ಟಿದೆಯೇ?
— ನಿವೃತ್ತ ಕನ್ನಡ ಉಪನ್ಯಾಸಕರು, ಧಾರವಾಡ

ಉತ್ತರ: ನುಡಿ ಕೆಟ್ಟಿಲ್ಲ, ಅದರವರೆಗೆ ನಿಮ್ಮ ಬೆರಳೊತ್ತು ತಲುಪುತ್ತಲೇ ಇಲ್ಲ. ವರ್ಚುಯಲ್ ಯಂತ್ರದ ಕಿಟಕಿ ಮುಂದಿದ್ದಾಗ ಕೀಲಿಮಣೆಯ ಒತ್ತುಗಳನ್ನು ವರ್ಚುಯಲ್‌ಬಾಕ್ಸ್ ಹಿಡಿದುಕೊಂಡು, ‘ಇಂತಿಂಥ ಸಂಖ್ಯೆಯ ಕೀಲಿ ಒತ್ತಿದರು’ ಎಂದಷ್ಟೇ ಒಳಗಿನ ವ್ಯವಸ್ಥೆಗೆ ಹೇಳುತ್ತದೆ. ಆ ಕೀಲಿಗೆ ‘ಕ’ ಎಂದು ಅರ್ಥ ಹಚ್ಚಬೇಕೋ ಬೇರೆ ಏನಾದರೂ ಹಚ್ಚಬೇಕೋ ಎಂದು ತೀರ್ಮಾನಿಸುವುದು ಉಬುಂಟು. ಆದ್ದರಿಂದ ಕನ್ನಡದ ವ್ಯವಸ್ಥೆ ಉಬುಂಟುವಿನೊಳಗೇ ಇರಬೇಕು.

ಅದಕ್ಕಾಗಿ ಹೊಸದೇನನ್ನೂ ಕೊಳ್ಳಬೇಕಿಲ್ಲ. ಉಬುಂಟುವಿನ ‘ಸೆಟ್ಟಿಂಗ್ಸ್’ನಲ್ಲಿ ಕೀಲಿಮಣೆಯ ಪುಟಕ್ಕೆ ಹೋಗಿ, ಇನ್‌ಪುಟ್ ಸೋರ್ಸ್ ಸೇರಿಸುವಲ್ಲಿ ಕನ್ನಡವನ್ನು ಹುಡುಕಿ, ಸಾಮಾನ್ಯ ಕನ್ನಡ ವಿನ್ಯಾಸದ ಜೊತೆಗೆ ‘ಕಗಪ’ ಎಂಬ ಹೆಸರಿನದೂ ಇರುತ್ತದೆ. ಕನ್ನಡ ಗಣಕ ಪರಿಷತ್ತಿನ ಹೆಸರಿನ ಮೊದಲ ಅಕ್ಷರಗಳಿಂದ ಬಂದ ಹೆಸರದು. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನು ಆಧರಿಸಿದ, ನುಡಿಯಲ್ಲಿ ನಿಮ್ಮ ಬೆರಳುಗಳಿಗೆ ರೂಢಿಯಾಗಿರುವ ಕ್ರಮವೇ ಇದು. ಒತ್ತಕ್ಷರ ಮೂಡಿಸುವ ಬಗೆಯಲ್ಲಿ ಚಿಕ್ಕಪುಟ್ಟ ವ್ಯತ್ಯಾಸ ಕಂಡರೆ ಎಂ17ಎನ್ ಎಂಬ ಕೀಲಿಮಣೆ ವಿನ್ಯಾಸಗಳ ಸಂಗ್ರಹದಲ್ಲಿರುವ ಅದೇ ಹೆಸರಿನ ವಿನ್ಯಾಸವನ್ನು, ಲಿನಕ್ಸ್‌ನಲ್ಲಿ ಬೆರಳಚ್ಚು ನೋಡಿಕೊಳ್ಳುವ ಐಬಸ್ ಮೂಲಕ ಸೇರಿಸಿಕೊಂಡು ನೋಡಿ. ನನಗೆ ಅದೇ ಹೆಚ್ಚು ಹಿತವೆನಿಸಿದೆ.

ಇನ್ನೊಂದು ಎಚ್ಚರಿಕೆ. ಹೊರಗಿನಿಂದ ಒಳಕ್ಕೆ ನಕಲು ಮಾಡಿ ಅಂಟಿಸುವ ಅನುಕೂಲವನ್ನು ‘ಶೇರ್ಡ್ ಕ್ಲಿಪ್‌ಬೋರ್ಡ್’ನಲ್ಲಿ ಆನ್ ಮಾಡಿಕೊಳ್ಳಬಹುದು. ಯೂನಿಕೋಡ್‌ನಲ್ಲಿ ಬರೆದ ಲೇಖನ ಹಾಗೆ ಅಂಟಿಸಿದಾಗ ಒಂದು ಅನುಸ್ವಾರವೂ ತಪ್ಪದೆ ಬರುತ್ತದೆ. ಹಳೆಯ ನುಡಿ ಫಾಂಟುಗಳಲ್ಲಿ ಬರೆದದ್ದಾದರೆ ಬರುವುದು ಅರ್ಥವಿಲ್ಲದ ಚಿಹ್ನೆಗಳ ಸಾಲು, ಏಕೆಂದರೆ ಆ ಕಡತದಲ್ಲಿ ಕನ್ನಡ ಎಂಬುದೇ ಇಲ್ಲ. ಇರುವುದು ರೋಮನ್ ಸಂಕೇತಗಳು, ಅವಕ್ಕೆ ಕನ್ನಡದ ಮುಖವಾಡ ತೊಡಿಸಿದ್ದು ಫಾಂಟು. ಮೊದಲು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ತಿರುಗಿಸಿ, ಆಮೇಲೆ ಒಳಗೆ ಒಯ್ಯಿರಿ. ಅರ್ಕಾವತ್ತು ಬಂದ ಕಡೆಗಳಲ್ಲಿ ಪರಿವರ್ತಕಗಳು ಎಡವುವುದುಂಟು. ತಾವು ಕಣ್ಣಾಡಿಸಿದರೆ ಕೂಡಲೇ ಸಿಕ್ಕಿಬೀಳುತ್ತವೆ.

ಪ್ರಶ್ನೆ: ನನ್ನ ವರ್ಚುಯಲ್ ಯಂತ್ರದ ಡಿಸ್ಕ್ ಕಡತ 20 ಜಿಬಿ ಇದ್ದದ್ದು 60 ಜಿಬಿ ಆಗಿದೆ. ಒಳಗೆ ಕಡತಗಳನ್ನು ಅಳಿಸಿದರೂ ಕಡಿಮೆಯಾಗುತ್ತಿಲ್ಲ. ಪ್ರತಿ ವಾರ ಸ್ನ್ಯಾಪ್‌ಶಾಟ್ ತೆಗೆದು ಬ್ಯಾಕಪ್ ಮಾಡುತ್ತಿದ್ದೇನೆ. ‘ಸ್ನ್ಯಾಪ್‌ಶಾಟ್ಸ್’ ಫೋಲ್ಡರ್‌ನಲ್ಲಿರುವ ಹಳೆಯ ಕಡತಗಳನ್ನು ಅಳಿಸಬಹುದೇ?
— ತೆರಿಗೆ ಸಲಹೆಗಾರರು, ಮೈಸೂರು

ಉತ್ತರ: ದಯವಿಟ್ಟು ಅಳಿಸಬೇಡಿ. ಈ ಪತ್ರ ಓದಿ ನನ್ನದೇ ಹಳೆಯ ಅವಿವೇಕವೊಂದು ನೆನಪಾಯಿತು. ಜಾಗ ಸಾಲದೆಂದು ನಾನೂ ಒಮ್ಮೆ ಆ ಫೋಲ್ಡರ್‌ನಿಂದ, ದಿನಾಂಕ ನೋಡಿ, ಅತ್ಯಂತ ಹಳೆಯ ಕಡತವೊಂದನ್ನು ಅಳಿಸಿದ್ದೆ. ಮರುದಿನ ಆ ಯಂತ್ರ ಏಳಲೇ ಇಲ್ಲ.

ಕಾರಣ ಹೀಗಿದೆ. ಸ್ನ್ಯಾಪ್‌ಶಾಟ್ ಎಂದರೆ ಬೇಕಾದಾಗ ಹಿಂದಿರುಗಲು ಯಂತ್ರದ ಆ ಕ್ಷಣದ ಸ್ಥಿತಿಗೆ ಹಾಕುವ ಗುರುತು; ಅದನ್ನು ತೆಗೆದಾಗ ಡಿಸ್ಕ್‌ನ ನಕಲೇನೂ ಆಗುವುದಿಲ್ಲ. ಇರುವ ಡಿಸ್ಕ್ ಕಡತ ಅಲ್ಲಿಗೇ ಹೆಪ್ಪುಗಟ್ಟುತ್ತದೆ. ಅಲ್ಲಿಂದ ಮುಂದಿನ ಬದಲಾವಣೆಗಳು ಮಾತ್ರ ಹೊಸದೊಂದು ಕಡತಕ್ಕೆ ಹೋಗುತ್ತವೆ. ಮತ್ತೊಂದು ಸ್ನ್ಯಾಪ್‌ಶಾಟ್ ತೆಗೆದರೆ ಆ ಎರಡನೆಯದೂ ಹೆಪ್ಪುಗಟ್ಟಿ ಮೂರನೆಯದು ಶುರುವಾಗುತ್ತದೆ. ನಿಮ್ಮ ಇಂದಿನ ಡಿಸ್ಕ್ ಎಂದರೆ ಈ ಇಡೀ ಸರಪಳಿ. ನಡುವಿನ ಒಂದು ಕೊಂಡಿ ಕಳಚಿದರೂ ಉಳಿದದ್ದಕ್ಕೆ ಅರ್ಥವಿಲ್ಲ. ಹಳೆಯ ಸ್ನ್ಯಾಪ್‌ಶಾಟ್ ಬೇಡವಾದರೆ ವರ್ಚುಯಲ್‌ಬಾಕ್ಸ್‌ನ ಪಟ್ಟಿಯಲ್ಲೇ ಅದನ್ನು ಆರಿಸಿ ಅಳಿಸಿ; ಆಗ ಅದು ಎರಡು ಕೊಂಡಿಗಳನ್ನು ಬೆಸೆದು ಒಂದು ಮಾಡುತ್ತದೆ. ಬೆಸೆಯುವ ಹೊತ್ತಿನಲ್ಲಿ ಇನ್ನಷ್ಟು ಜಾಗ ಬೇಕಾಗುವುದರಿಂದ, ಡ್ರೈವ್ ಪೂರ್ತಿ ತುಂಬುವವರೆಗೆ ಕಾಯಬೇಡಿ.

ಸರಪಳಿಯ ಎಲ್ಲ ಕೊಂಡಿಗಳೂ ಒಂದೇ ಡ್ರೈವ್‌ನಲ್ಲಿವೆ ಎಂದ ಮೇಲೆ ಅದು ಬ್ಯಾಕಪ್ ಹೇಗಾದೀತು? ಡ್ರೈವ್ ಕೆಟ್ಟರೆ ಎಲ್ಲವೂ ಒಟ್ಟಿಗೇ ಹೋಗುತ್ತದೆ. ಹೊಸ ತಂತ್ರಾಂಶ ಹಾಕುವ ಮುನ್ನ ಒಂದು ಸ್ನ್ಯಾಪ್‌ಶಾಟ್ ತೆಗೆಯುವುದು, ಸರಿಬಂದರೆ ವಾರದೊಳಗೆ ಅದನ್ನು ಅಳಿಸುವುದು, ಇಷ್ಟಕ್ಕೇ ಅದರ ಬಳಕೆ ಇರಲಿ. ಬ್ಯಾಕಪ್‌ಗೆ ಯಂತ್ರವನ್ನು ಪೂರ್ತಿ ಶಟ್‌ಡೌನ್ ಮಾಡಿ, ಅದರ ಇಡೀ ಫೋಲ್ಡರನ್ನು ಹೊರಗಿನ ಹಾರ್ಡ್ ಡಿಸ್ಕ್‌ಗೆ ನಕಲು ಮಾಡಿ. ಕಕ್ಷಿದಾರರ ಲೆಕ್ಕದ ಕಡತಗಳನ್ನು ಅದರ ಜೊತೆಗೆ ಬೇರೆಯಾಗಿಯೂ ತೆಗೆದಿಡಿ.

ಅಳಿಸಿದರೂ ಗಾತ್ರ ಇಳಿಯದಿರುವುದು ಸಹಜ. ಬೇಕಾದಂತೆ ಬೆಳೆಯುವ ಡಿಸ್ಕ್ ಕಡತಕ್ಕೆ ಬೆಳೆಯುವುದು ಮಾತ್ರ ಗೊತ್ತು. ಒಳಗಿನ ವ್ಯವಸ್ಥೆಯಲ್ಲಿ ಖಾಲಿ ಜಾಗವನ್ನು ಸೊನ್ನೆಗಳಿಂದ ತುಂಬಿ, ಯಂತ್ರವನ್ನು ನಿಲ್ಲಿಸಿ, ವಿಬಾಕ್ಸ್‌ಮ್ಯಾನೇಜ್ ಎಂಬ ಆದೇಶ ಉಪಕರಣದ ‘ಕಾಂಪ್ಯಾಕ್ಟ್’ ಆಯ್ಕೆಯನ್ನು ಆ ಡಿಸ್ಕ್ ಕಡತದ (ವಿಡಿಐ) ಮೇಲೆ ನಡೆಸಿದರೆ ಇಳಿಯುತ್ತದೆ. ಸ್ನ್ಯಾಪ್‌ಶಾಟುಗಳನ್ನು ಬೆಸೆದು ಮುಗಿಸಿದ ಮೇಲೆಯೇ ಇದನ್ನು ಮಾಡಿ.

ಪ್ರಶ್ನೆ: ಎಂ2 ಚಿಪ್‌ನ ಮ್ಯಾಕ್‌ಬುಕ್‌ನಲ್ಲಿ ವಿಂಡೋಸ್ ಹಾಕಿ ಟ್ಯಾಲಿ ಕಲಿಯಬಹುದೇ?
— ವಾಣಿಜ್ಯ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಬಹುದು, ಆದರೆ ಸಾಮಾನ್ಯ ಗಣಕಗಳಲ್ಲಿರುವ ವಿಂಡೋಸ್ ಹಾಕಿ ಅಲ್ಲ. ಆ್ಯಪಲ್ 2020ರ ನವೆಂಬರ್‌ನಲ್ಲಿ ಎಂ1 ತಂದಾಗಿನಿಂದ ಮ್ಯಾಕ್‌ಗಳು ಎಆರ್‌ಎಂ ಬಗೆಯ ಪ್ರೊಸೆಸರ್‌ಗೆ ಬದಲಾಗಿವೆ. ವರ್ಚುಯಲ್ ಯಂತ್ರ ಒಳಗಿನ ಸೂಚನೆಗಳನ್ನು ನಿಜವಾದ ಪ್ರೊಸೆಸರ್ ಮೇಲೆಯೇ ಓಡಿಸುವುದರಿಂದ ಒಳಗೂ ಹೊರಗೂ ಪ್ರೊಸೆಸರ್‌ನ ಭಾಷೆ ಒಂದೇ ಇರಬೇಕು. ಹಾಗಾಗಿ ನಿಮಗೆ ಬೇಕಿರುವುದು ಎಆರ್‌ಎಂಗಾಗಿ ಮಾಡಿದ ವಿಂಡೋಸ್ 11. ಪ್ಯಾರಲಲ್ಸ್ ತಂತ್ರಾಂಶದಲ್ಲಿ ಅದನ್ನು ಓಡಿಸಲು ಮೈಕ್ರೋಸಾಫ್ಟ್ 2023ರಲ್ಲಿ ಅಧಿಕೃತವಾಗಿ ಒಪ್ಪಿಗೆ ಕೊಟ್ಟಿದೆ. ಆ ವಿಂಡೋಸ್ ಸಾಮಾನ್ಯ ಗಣಕಗಳ ತಂತ್ರಾಂಶಗಳನ್ನು ತನ್ನೊಳಗೇ ಅನುವಾದಿಸಿಕೊಂಡು ಬಹುಮಟ್ಟಿಗೆ ಓಡಿಸುತ್ತದೆ. ಪ್ಯಾರಲಲ್ಸ್‌ಗೂ ವಿಂಡೋಸ್‌ಗೂ ಹಣ ತೆರುವ ಮುನ್ನ ಪ್ರಾಯೋಗಿಕ ಅವಧಿಯಲ್ಲೇ ಟ್ಯಾಲಿಯನ್ನು ಅದರ ಶೈಕ್ಷಣಿಕ ವಿಧಾನದಲ್ಲಿ ಹಾಕಿ, ನಮೂದು, ಮುದ್ರಣ ಎರಡನ್ನೂ ಪರೀಕ್ಷಿಸಿ. ಕಾಲೇಜಿನ ಪ್ರಯೋಗಾಲಯದಲ್ಲಿ ಟ್ಯಾಲಿ ಇದ್ದರೆ ಈ ಖರ್ಚೇ ಬೇಡ.

ಪ್ರಶ್ನೆ: ವೈರಸ್ ಇರಬಹುದೆಂಬ ಅನುಮಾನ ಇರುವ ಪೆನ್‌ಡ್ರೈವ್‌ಗಳನ್ನು ವರ್ಚುಯಲ್ ಯಂತ್ರದೊಳಗೆ ತೆರೆದರೆ ಹೊರಗಿನ ಗಣಕಕ್ಕೆ ಅಪಾಯವಿಲ್ಲವೇ?
— ಪ್ರೌಢಶಾಲಾ ಶಿಕ್ಷಕರು, ಕಲಬುರಗಿ

ಉತ್ತರ: ಅಪಾಯ ಬಹಳ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ನಡುವಿನ ಗೋಡೆ ಒಡೆದ ಉದಾಹರಣೆಗಳಿವೆ. 2015ರಲ್ಲಿ ಬೆಳಕಿಗೆ ಬಂದ ‘ವೆನಂ’ ಎಂಬ ದೋಷ ಇದ್ದದ್ದು ವರ್ಚುಯಲ್ ಫ್ಲಾಪಿ ಡ್ರೈವ್‌ನ ಸಂಕೇತದಲ್ಲಿ. ಯಾರೂ ಬಳಸದ ಫ್ಲಾಪಿಯ ಕಿಂಡಿಯಿಂದ ಒಳಗಿನವರು ಹೊರಕ್ಕೆ ಬರಲು ಸಾಧ್ಯವಿತ್ತು. ಕ್ಯೂಇಎಂಯು ಎಂಬ ಇಂತಹದೇ ತಂತ್ರಾಂಶದ ಜೊತೆಗೆ ವರ್ಚುಯಲ್‌ಬಾಕ್ಸ್‌ಗೂ ಅದು ತಟ್ಟಿ, ಬೇಗನೆ ದುರಸ್ತಿಯಾಯಿತು. ಆದ್ದರಿಂದ ತಂತ್ರಾಂಶದ ಹೊಸ ಆವೃತ್ತಿ ಬಂದಾಗ ಹಾಕಿಕೊಳ್ಳುವುದನ್ನು ಮುಂದೂಡಬೇಡಿ.

ಶಾಲೆಯ ಮಟ್ಟದಲ್ಲಿ ನೀವು ಹೆದರಬೇಕಾದದ್ದು ಅಂತಹ ದೊಡ್ಡ ದೋಷಗಳಿಗಿಂತ ನೀವೇ ತೆರೆದಿಟ್ಟ ಬಾಗಿಲುಗಳಿಗೆ. ಹಂಚಿಕೆಯ ಫೋಲ್ಡರ್‌ಗೆ ಬರೆಯುವ ಅನುಮತಿ ಇದ್ದರೆ ಒಳಗಿನ ವೈರಸ್ ನಿಮ್ಮ ಹೊರಗಿನ ಕಡತಗಳನ್ನೂ ಕೆಡಿಸಬಲ್ಲದು. ನ್ಯಾಟ್ ಬಗೆಯ ಜಾಲದಲ್ಲಿ (ಹೊರಗಿನ ಗಣಕದ ಸಂಪರ್ಕದ ಮೂಲಕವೇ ಒಳಗಿನ ಯಂತ್ರಕ್ಕೆ ಜಾಲ ಕೊಡುವ ಬಗೆ) ಹೊರಗಿನವರು ನೇರವಾಗಿ ಒಳಬರಲಾರರು ಎಂಬುದು ನಿಜವಾದರೂ, ಒಳಗಿನಿಂದ ಶಾಲೆಯ ಇತರ ಗಣಕಗಳ ಕಡೆಗೆ ಹೋಗಲು ಅದು ಅಡ್ಡಿ ಮಾಡುವುದಿಲ್ಲ. ಇದನ್ನು ಹಲವರು ತಿರುವುಮುರುವಾಗಿ ತಿಳಿದಿರುತ್ತಾರೆ. ಪೆನ್‌ಡ್ರೈವ್ ಪರೀಕ್ಷೆಗೆಂದೇ ಒಂದು ಲಿನಕ್ಸ್ ಯಂತ್ರ ಇಟ್ಟುಕೊಳ್ಳಿ, ಅದಕ್ಕೆ ಜಾಲವೂ ಬೇಡ, ಹಂಚಿಕೆಯ ಫೋಲ್ಡರೂ ಬೇಡ, ಕ್ಲಿಪ್‌ಬೋರ್ಡೂ ಬೇಡ. ಪೆನ್‌ಡ್ರೈವ್ ಚುಚ್ಚಿದ ಕೂಡಲೇ ಮೊದಲು ನೋಡುವುದು ಹೊರಗಿನ ವಿಂಡೋಸ್ ಎಂಬುದನ್ನು ಮರೆಯಬೇಡಿ. ಅದು ನೇರವಾಗಿ ಒಳಗಿನ ಯಂತ್ರಕ್ಕೆ ಹೋಗುವಂತೆ ಯುಎಸ್‌ಬಿ ಫಿಲ್ಟರ್ ಹಾಕಿಡಿ, ಹೊರಗಡೆ ಆಟೊಪ್ಲೇ ಆಫ್ ಮಾಡಿ.

ಪ್ರಶ್ನೆ: ವರ್ಚುಯಲ್‌ಬಾಕ್ಸ್, ವಿಎಂವೇರ್ ಎರಡರಲ್ಲಿ ಯಾವುದು ಉಚಿತ? ನಮ್ಮ ಪುಟ್ಟ ಕಚೇರಿಯಲ್ಲಿ ಬಳಸಬಹುದೇ?
— ಲೆಕ್ಕಪತ್ರ ಸಹಾಯಕಿ, ಶಿವಮೊಗ್ಗ

ಉತ್ತರ: ಎರಡೂ. ವಿಎಂವೇರ್ ವರ್ಕ್‌ಸ್ಟೇಶನ್ ಪ್ರೊ 2024ರ ಮೇನಲ್ಲಿ ವೈಯಕ್ತಿಕ ಬಳಕೆಗೆ, ನವೆಂಬರ್‌ನಲ್ಲಿ ಕಚೇರಿಗಳ ಬಳಕೆಗೂ ಉಚಿತವಾಯಿತು. ವರ್ಚುಯಲ್‌ಬಾಕ್ಸ್‌ನ ಮೂಲ ತಂತ್ರಾಂಶ ಮುಕ್ತ ಪರವಾನಗಿಯದು, ಕಚೇರಿಯಲ್ಲೂ ಧಾರಾಳವಾಗಿ ಬಳಸಿ. ಅದರ ಜೊತೆ ಪ್ರತ್ಯೇಕವಾಗಿ ಸಿಗುವ ‘ಎಕ್ಸ್‌ಟೆನ್ಶನ್ ಪ್ಯಾಕ್’ ಮಾತ್ರ ವೈಯಕ್ತಿಕ ಮತ್ತು ಶೈಕ್ಷಣಿಕ ಬಳಕೆಗೆ ಉಚಿತ, ವ್ಯಾಪಾರಿ ಬಳಕೆಗೆ ಪರವಾನಗಿ ಕೊಳ್ಳಬೇಕು. ಹಿಂದೆ ಯುಎಸ್‌ಬಿ 2.0 ಬೇಕೆಂದರೂ ಆ ಪ್ಯಾಕ್ ಹಾಕಬೇಕಿತ್ತು, 2022ರ 7.0 ಆವೃತ್ತಿಯಿಂದ ಅದು ಮೂಲದಲ್ಲೇ ಸೇರಿದೆ. ಹಳೆಯ ಮಾರ್ಗದರ್ಶಿಗಳನ್ನು ನೋಡಿ ಅಭ್ಯಾಸಬಲದಿಂದ ಅದನ್ನು ಹಾಕಿಕೊಳ್ಳಬೇಡಿ.

ಪ್ರಶ್ನೆ: ಒಳಗಿನ ಪರದೆ ಚಿಕ್ಕದಾಗಿ ಕಾಣುತ್ತದೆ, ಮೌಸ್ ಒಳಗೆ ಹೋದರೆ ಹೊರಗೆ ಬರುವುದಿಲ್ಲ.
— ಗೃಹಿಣಿ, ಬಳ್ಳಾರಿ

ಉತ್ತರ: ಕೀಲಿಮಣೆಯ ಬಲಗಡೆಯ ಕಂಟ್ರೋಲ್ ಕೀಲಿಯನ್ನು ಒಮ್ಮೆ ಒತ್ತಿ ಬಿಡಿ, ಮೌಸ್ ಹೊರಬರುತ್ತದೆ. ಆಮೇಲೆ ‘ಡಿವೈಸಸ್’ ಮೆನುವಿನ ಕೊನೆಯಲ್ಲಿರುವ ‘ಗೆಸ್ಟ್ ಅಡಿಷನ್ಸ್’ ಸಿಡಿಯನ್ನು ಸೇರಿಸಿ, ಒಳಗಿನ ವ್ಯವಸ್ಥೆಯಲ್ಲಿ ಅದನ್ನು ಸ್ಥಾಪಿಸಿ, ಒಳಗಿನದನ್ನು ಮಾತ್ರ ಮರಳಿ ಆರಂಭಿಸಿ. ಕಿಟಕಿಯ ಅಂಚು ಹಿಡಿದು ಎಳೆದಷ್ಟೂ ಪರದೆ ಹಿಗ್ಗುತ್ತದೆ, ಮೌಸ್ ಕೂಡ ಎರಡೂ ಕಡೆ ತಡೆಯಿಲ್ಲದೆ ಓಡಾಡುತ್ತದೆ.